ವಾರಿಜಾಳ ಗುಂಪಿನಲ್ಲಿ ಇನ್ನೊಂದು ಮುಖ

ಪ್ರೇಮಾವತಿಗೆ ಆ ಫೋನಿನ ಮೇಲೆ ಮೊದಲ ದಿನದಿಂದಲೇ ನಂಬಿಕೆ ಇರಲಿಲ್ಲ. ಮಗ ನಿತಿನ ಚೌತಿಗೆ ತಂದುಕೊಟ್ಟದ್ದು. ಹಳೆಯದರಲ್ಲಿ ಏನು ಕೊರತೆ ಕಂಡನೋ ದೇವರಿಗೇ ಗೊತ್ತು. ಅದು ಕರೆ ಬಂದರೆ ಬಡಿದುಕೊಳ್ಳುತ್ತಿತ್ತು, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಫ್ರಿಜ್ಜಿನ ಮೇಲೆ ಬಿದ್ದಿರುತ್ತಿತ್ತು. ಮನೆಯ ವಸ್ತು ಅಂದರೆ ಹಾಗಿರಬೇಕು. ಇದು ಹಾಗಲ್ಲ. ಇದಕ್ಕೆ ಎಲ್ಲದರಲ್ಲೂ ಮೂಗು ತೂರಿಸಬೇಕು.

ಮೂಲ್ಕಿಯ ಅಕ್ಕನ ಹತ್ತಿರ ಮಾತಾಡುತ್ತಿದ್ದಳು ಒಂದು ದಿನ. ಚಿಕ್ಕಮ್ಮನ ಸೊಸೆಯ ವಿಷಯ, ಮಾತು ಈಗಷ್ಟೇ ರುಚಿಗೆ ಬಂದಿತ್ತು. ಒಳಗಿನಿಂದ ಯಾರೋ ಹೆಂಗಸು ಗಟ್ಟಿಯಾಗಿ, "ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ" ಎಂದಳು. ಕೆನ್ನೆ ತಾಗಿ ಯಾವುದೋ ಗುಂಡಿ ಒತ್ತಿತ್ತು, ಅಷ್ಟೇ. ಆದರೆ ಅಕ್ಕ ನಂಬಬೇಕಲ್ಲ! "ನನ್ನ ಮಾತು ಹಿಡಿದಿಟ್ಟು ಯಾರಿಗೆ ಕೇಳಿಸ್ಲಿಕ್ಕೆ ಉಂಟು ನಿಂಗೆ?" ಎಂದು ಫೋನ್ ಇಟ್ಟವಳು ಒಂದು ತಿಂಗಳು ಈ ಕಡೆ ತಲೆ ಹಾಕಲಿಲ್ಲ.

ಅಡುಗೆಮನೆಯಲ್ಲಿ ಗಂಡನಿಗೆ ನಾಲ್ಕು ಮಾತು ಅನ್ನುವ ಹಾಗೂ ಇಲ್ಲ. ಕರೆಯದೆಯೇ ಎಚ್ಚರವಾಗಿ, "ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ" ಎಂದು ನಡುವೆ ಬಾಯಿ ಹಾಕುತ್ತಿತ್ತು.

"ನಿನ್ನ ಹತ್ತಿರ ಯಾರು ಹೇಳಿದ್ದು ಮಾರಾಯ್ತಿ? ಇವರಿಗೇ ಇಪ್ಪತ್ತೆಂಟು ವರ್ಷದಿಂದ ಅರ್ಥ ಆಗ್ಲಿಲ್ಲ, ನಿಂಗೆ ಎಂಟು ದಿನದಲ್ಲಿ ಆಗ್ತದಾ?" ಎಂದು ಪ್ರೇಮಾವತಿ ಸೌಟು ತೋರಿಸಿ ಬೈಯುತ್ತಿದ್ದಳು. ಗಂಡ ಮೋಹನದಾಸ್ ಮೀಸೆಯಡಿಯಲ್ಲಿ ನಗುತ್ತಿದ್ದ. ಪುಣೆಯ ಸ್ವಾರಗೇಟದ ಹತ್ತಿರ ಅವನದ್ದೊಂದು ಹೊಟೇಲು. ಬೆಳಿಗ್ಗೆ ಐದಕ್ಕೆ ಹೋದವನು ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ಮನೆಗೆ ಬಂದು, ಎರಡು ತಾಸು ಕಾಲು ಚಾಚಿ, ಐದಕ್ಕೆ ಮತ್ತೆ ಗಲ್ಲಾಪೆಟ್ಟಿಗೆಯ ಮುಂದೆ ಕೂರಲು ಹೋಗುವವನು. ಮಾತು ಕಡಿಮೆ. ಮಾತು ಕಡಿಮೆ ಇರುವ ಗಂಡ ಪುಣ್ಯ ಎಂದು ಪ್ರೇಮಾವತಿ ಇಷ್ಟು ವರ್ಷ ತಿಳಿದುಕೊಂಡಿದ್ದಳು. ಪಾಪ.

ಎಲ್ಲಕ್ಕಿಂತ ದೊಡ್ಡ ಪೀಡೆ ಅಂದರೆ ಅದರ ಫೋಟೋ ಇಡುವ ಜಾಗ. ನಿತಿನ ಮನೆಯ ಹಳೆಯ ಆಲ್ಬಮ್ಮಿನ ಚಿತ್ರಗಳನ್ನೆಲ್ಲ ಅದಕ್ಕೆ ಹಾಕಿಕೊಟ್ಟಿದ್ದ. ಫೋನು ತನ್ನಷ್ಟಕ್ಕೆ ಕೂತು ಮುಖಗಳನ್ನು ಆರಿಸಿ, ಒಬ್ಬೊಬ್ಬರದು ಒಂದೊಂದು ಗುಂಪು ಮಾಡಿ, ಉರುಟು ಉರುಟಾಗಿ ಸಾಲಿಗೆ ಇಟ್ಟು, "ಇವರು ಯಾರು?" ಎಂದು ಕೇಳುತ್ತಿತ್ತು. ಪ್ರೇಮಾವತಿಯೂ ಮೊದಮೊದಲು ಖುಷಿಯಲ್ಲಿ ಹೆಸರು ಬರೆದಳು. ನಿತಿನ. ಇವರು. ಅಕ್ಕ. ಅವಳ ಮದುವೆಯ ಫೋಟೋದಲ್ಲಿ ಪಕ್ಕದಲ್ಲೇ ನಿಂತ, ಜಡೆ ತುಂಬ ಮಲ್ಲಿಗೆ ಮುಡಿದ ಹುಡುಗಿಗೆ 'ವಾರಿಜಾ' ಎಂದು ಬರೆದಳು. ಮೋಹನದಾಸನ ತಂಗಿ ಅದು. ನಗುವಾಗ ಎಡಗಡೆಯ ಒಂದು ಹಲ್ಲು ಸ್ವಲ್ಪ ಮುಂದೆ ಬರುತ್ತಿತ್ತು. ಮುಂಬೈಯಲ್ಲಿ ಕೆಲಸಕ್ಕೆ ಸೇರಿದ್ದಳಂತೆ, ಅಲ್ಲೇ ಕಾಮಾಲೆಯಾಗಿ ಇಪ್ಪತ್ತೆರಡಕ್ಕೇ ಹೋದಳು. ಪ್ರೇಮಾವತಿಗೆ ಸುದ್ದಿ ಬರುವಾಗ ಎಲ್ಲ ಮುಗಿದಿತ್ತು. ಒಂದು ರಾತ್ರಿ ಊಟದ ಹೊತ್ತಿಗೆ ಫೋನು ಆ ಸತ್ತ ಹುಡುಗಿಯ ಚಿತ್ರಗಳನ್ನೆಲ್ಲ ಜೋಡಿಸಿ, ಡೋಲು ಬಡಿಯುವ ಕುಣಿತದ ಸಂಗೀತ ಹಾಕಿ, 'ಮರೆಯಲಾಗದ ಕ್ಷಣಗಳು' ಎಂದು ತೋರಿಸಿತು. ಮೋಹನದಾಸ್ ಚಟ್ನಿಗೆ ಅದ್ದಿದ ದೋಸೆಯನ್ನು ಹಾಗೆಯೇ ಬಿಟ್ಟು ಎದ್ದುಹೋದ.

ಹೀಗಿರುವಾಗ ನಿತಿನ ಒಂದು ಹುಡುಗಿಯ ವಿಷಯ ತಂದ. ಸಂಘದ ವಾರ್ಷಿಕೋತ್ಸವದಲ್ಲಿ ಪರಿಚಯವಾದವಳು, ಹೆಸರು ಯಶ್ಮಿತಾ. ನಮ್ಮೂರ ಕಡೆಯವರೇ, ಆದರೆ ಇರುವುದು ದೌಂಡದಲ್ಲಿ. ತಂದೆ ಇಲ್ಲ. ತಾಯಿ ಸುಲಭಾ ರೈಲ್ವೆಯವರಿಗೆ ಊಟದ ಡಬ್ಬಿ ಮಾಡಿಕೊಡುತ್ತಾಳೆ. ಹುಡುಗಿ ದಿನಾ ರೈಲಿನಲ್ಲಿ ಪುಣೆಗೆ ಬಂದು ಆಸ್ಪತ್ರೆಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಒಳ್ಳೆಯದೇ ಆಯಿತಲ್ಲ ಎಂದು ಪ್ರೇಮಾವತಿ ಹಿಗ್ಗಿದಳು.

"ದೌಂಡ ಬೇಡ," ಎಂದ ಮೋಹನದಾಸ್. "ಬೇರೆ ನೋಡುವ."

"ಯಾಕೆ? ದೌಂಡದವರಿಗೆ ಎಂತ ಕೊಂಬುಂಟಾ?"

"ಬೇಡ ಅಂದ್ರೆ ಬೇಡ."

ಕಾರಣ ಹೇಳಬೇಕಲ್ಲ ಮನುಷ್ಯ! ಹೇಳಲಿಲ್ಲ. ಮಗ ಎರಡು ದಿನ ಊಟ ಬಿಟ್ಟ. ಕೊನೆಗೆ ಪ್ರೇಮಾವತಿಯೇ ಮುಂದೆ ನಿಂತು, ಹಿರಿಯರ ಮೂಲಕ ಬಳಿ ಕೇಳಿಸಿದಳು. ಅವರಲ್ಲಿ ಜಾತಕಕ್ಕಿಂತ ಮೊದಲು ಕೇಳುವುದು ಬಳಿಯನ್ನೇ. ಬಳಿ ಅಂದರೆ ಗೋತ್ರದ ಹಾಗೆ, ಆದರೆ ತಾಯಿಯಿಂದ ಬರುವುದು, ತಾಯಿಯ ಬಳಿಯೇ ಮಕ್ಕಳ ಬಳಿ. ಹುಡುಗ ಹುಡುಗಿಯದು ಒಂದೇ ಬಳಿಯಾದರೆ ಅವರು ಅಣ್ಣ ತಂಗಿ, ಮದುವೆಯ ಮಾತು ಅಲ್ಲಿಗೇ ಮುಗಿಯಿತು. ಪ್ರೇಮಾವತಿಯದು ಸಾಲ್ಯಾನ್, ಸುಲಭಾಳದು ಕೋಟ್ಯಾನ್. ಬೇರೆ ಬೇರೆ. ಹಿರಿಯರು ತಲೆಯಾಡಿಸಿದರು. ಮೋಹನದಾಸ್ ಬೇರೆ ದಾರಿ ಕಾಣದೆ ಹೊಸ ಅಂಗಿ ಹಾಕಿಕೊಂಡು ದೌಂಡಕ್ಕೆ ಹೊರಟ.

ಅಲ್ಲಿ ನಡೆದದ್ದು ಇಷ್ಟೇ. ಸುಲಭಾ ಟ್ರೇಯಲ್ಲಿ ಚಹಾ ತಂದಳು. ಪ್ರೇಮಾವತಿಗೆ, ನಿತಿನನಿಗೆ, ಜೊತೆಗೆ ಬಂದ ಹಿರಿಯರಿಗೆ ಕೊಟ್ಟಳು. ಮೋಹನದಾಸನ ಲೋಟ ಮಾತ್ರ ಟ್ರೇಯ ಮೂಲೆಯಲ್ಲಿ ಬೇರೆ ಇತ್ತು. ಅವಳು ಅದನ್ನೇ ಎತ್ತಿ ಅವನ ಕೈಗೆ ಕೊಟ್ಟಳು. ಅವನು ಕುಡಿದ. ಲೋಟ ಒಳಗಿಡಲು ಹೋದಾಗ ಪ್ರೇಮಾವತಿ ಸುಮ್ಮನೆ ಅದರ ತಳ ನೋಡಿದಳು. ಸಕ್ಕರೆಯ ಅಂಟೇ ಇರಲಿಲ್ಲ.

ಮೋಹನದಾಸ್ ಮದುವೆಗೆ ಮೊದಲಿನಿಂದಲೂ ಚಹಾಕ್ಕೆ ಸಕ್ಕರೆ ಹಾಕದವನು. ನಿಜ. ಆದರೆ ಅದನ್ನು ಸುಲಭಾಳಿಗೆ ಹೇಳಿದ್ದು ಯಾರು?

ಬರುವಾಗ ರೈಲಿನಲ್ಲಿ ಕೇಳಿದ್ದಕ್ಕೆ, "ಈಗ ಎಲ್ಲರಿಗೂ ಶುಗರ್ ಅಲ್ವಾ, ಹಾಗೆ ಮಾಡಿರ್ಬೇಕು" ಎಂದು ಕಿಟಕಿಯಾಚೆ ನೋಡಿದ. ಆಚೆ ನೋಡಲು ಕಬ್ಬಿನ ಗದ್ದೆ ಬಿಟ್ಟರೆ ಬೇರೇನೂ ಇರಲಿಲ್ಲ.

ಮರುದಿನ ಬೆಳಿಗ್ಗೆ, ದೇವರ ದೀಪ ಹಚ್ಚಿ ಬಂದು ಫೋನು ಎತ್ತಿಕೊಂಡರೆ, ನಿನ್ನೆ ತೆಗೆದ ಯಶ್ಮಿತಾಳ ಏಳು ಫೋಟೋ ವಾರಿಜಾಳ ಗುಂಪಿಗೆ ಹೋಗಿ ಕೂತಿದ್ದವು. ಕೆಳಗೆ ಎರಡು ಮುಖಗಳನ್ನು ಅಕ್ಕಪಕ್ಕ ಇಟ್ಟು ಫೋನು ಕೇಳುತ್ತಿತ್ತು: ಇವರಿಬ್ಬರೂ ಒಬ್ಬರೇ? ಬೇರೆಯವರೇ?

"ಹಾಳು ಶನಿ," ಎಂದು ಪ್ರೇಮಾವತಿ ಮೊದಲು ನಕ್ಕಳು. ಆಮೇಲೆ ಕನ್ನಡಕ ಹಾಕಿಕೊಂಡು ನೋಡಿದಳು. ಆಮೇಲೆ ನಗಲಿಲ್ಲ. ಹುಬ್ಬು ಅದೇ. ಗಲ್ಲ ಅದೇ. ಹುಡುಗಿ ನಗುವಾಗ ಕಂಡ ಎಡಗಡೆಯ ಹಲ್ಲು ಕೂಡ ಅದೇ. ನಿನ್ನೆ ಎದುರು ಕೂತಿದ್ದಾಗ ಎಲ್ಲೋ ನೋಡಿದ ಹಾಗುಂಟಲ್ಲ ಎಂದು ಅನಿಸಿದ್ದು ಸುಳ್ಳಲ್ಲ.

ದೌಂಡದಲ್ಲಿರುವ ಯಾರದೋ ಮಗಳಿಗೆ ನನ್ನ ಗಂಡನ ತಂಗಿಯ ಮುಖ ಬಂದದ್ದು ಹೇಗೆ?

ಆ ಪ್ರಶ್ನೆ ಎದ್ದದ್ದೇ ತಡ, ಹುಳ ಹೊಕ್ಕಿತು. ನಿತಿನನಿಗೆ ಎರಡು ತುಂಬುವ ಮೊದಲು, ಮೋಹನದಾಸ್ ಒಂದೂವರೆ ವರ್ಷ ದೌಂಡದ ಸ್ಟೇಷನ್ ಹೊರಗಿನ ಒಂದು ಹೊಟೇಲಿನಲ್ಲಿ ಮ್ಯಾನೇಜರ್ ಆಗಿದ್ದ. ವಾರಕ್ಕೊಮ್ಮೆ ಪುಣೆಗೆ ಬರುತ್ತಿದ್ದ. ನಿತಿನನಿಗೆ ಈಗ ಇಪ್ಪತ್ತೇಳು. ಹುಡುಗಿಗೆ ಇಪ್ಪತ್ತೈದು. ಪ್ರೇಮಾವತಿ ಬೆರಳು ಮಡಚಿ ಎಣಿಸಿದಳು, ಬಿಡಿಸಿ ಎಣಿಸಿದಳು. ಹೇಗೆ ಎಣಿಸಿದರೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಮೇಲಿನ ಮಾಳಿಗೆಯ ಗೌರಾಬಾಯಿ ಬಿಜಾಪುರದ ಕಡೆಯವರು, ಫೋನಿನ ವಿಷಯದಲ್ಲಿ ಇಡೀ ಕಟ್ಟಡಕ್ಕೇ ಪಂಡಿತೆ. ಒಗ್ಗರಣೆಗೆ ಕರಿಬೇವು ಕೇಳುವ ನೆಪದಲ್ಲಿ ಪ್ರೇಮಾವತಿ ಅವರ ಮನೆಗೆ ಹೋಗಿ, ಸುತ್ತಿ ಬಳಸಿ ಕೇಳಿದಳು.

"ಫೋನು ತಪ್ಪಂಗಿಲ್ರೀ ಪ್ರೇಮಕ್ಕಾ," ಎಂದರು ಗೌರಾಬಾಯಿ. "ಮನಷ್ಯಾರು ಸುಳ್ಳ ಹೇಳ್ತಾರ, ಮಷೀನಿಗೆ ಆ ಬುದ್ಧಿ ಎಲ್ಲಿಂದ ಬರಬೇಕ್ರಿ? ನಮ್ಮ ತಮ್ಮನ ಮಗಳನ್ನ ತಂದು ನನ್ನ ಫೋಟೋದಾಗ ಕೂಡಿಸಿತ್ತು. ರಕ್ತ ಒಂದ ಇದ್ರ ಭಾಳ ಬೇಗ ಹಿಡೀತದ ನೋಡ್ರಿ. ಯಾಕ, ಯಾರ್ದರೆ ಸಿಕ್ಕದೇನು?"

"ಇಲ್ಲಪ್ಪ, ಸುಮ್ಮನೆ ಕೇಳಿದೆ," ಎಂದು ಪ್ರೇಮಾವತಿ ಕರಿಬೇವನ್ನು ಅಲ್ಲೇ ಬಿಟ್ಟು ಇಳಿದು ಬಂದಳು.

ಆದರೂ ಒಂದು ಮಷೀನಿನ ಮಾತು ಕೇಳಿ ಗಂಡನ ಮೇಲೆ ಹೋಗುವಷ್ಟು ದಡ್ಡಿಯಲ್ಲ ಅವಳು. ಪರೀಕ್ಷೆ ಮಾಡಿದಳು. ಹೊಟೇಲಿನಲ್ಲಿ ದೋಸೆ ಹೊಯ್ಯುವ ಇಬ್ಬರು ಅಣ್ಣತಮ್ಮಂದಿರು ಇದ್ದಾರೆ, ಹತ್ತಿರ ನಿಂತರೆ ಮೋಹನದಾಸನೇ ಅದಲು ಬದಲು ಕರೆಯುತ್ತಾನೆ. ಅವರ ಫೋಟೋ ತೆಗೆದಳು. ಫೋನು ಸರಿಯಾಗಿ ಎರಡು ಗುಂಪು ಮಾಡಿತು. ಅವಳ ಅಣ್ಣನ ಮೀಸೆ ಇದ್ದ ಫೋಟೋ, ಮೀಸೆ ಇಲ್ಲದ ಫೋಟೋ ಎರಡನ್ನೂ ಒಂದೇ ಕಡೆ ಇಟ್ಟಿತು. ತೊಟ್ಟಿಲಲ್ಲಿದ್ದ ನಿತಿನನನ್ನೂ ಗಡ್ಡ ಬಿಟ್ಟ ನಿತಿನನನ್ನೂ ಬಿಡದೆ ಗುರುತು ಹಿಡಿಯಿತು. ಒಂದಾದರೂ ತಪ್ಪು ಮಾಡು ಮಾರಾಯ್ತಿ ಎಂದು ಅವಳು ಬೇಡಿಕೊಳ್ಳುವ ಹಾಗಾಯಿತು. ಮಾಡಲಿಲ್ಲ. ಬೇರೆ ಎಲ್ಲದರಲ್ಲೂ ಜೀವ ತಿನ್ನುವ ವಸ್ತು, ಇದೊಂದರಲ್ಲಿ ಸತ್ಯಹರಿಶ್ಚಂದ್ರನ ತುಂಡು.

ಅವಳನ್ನು ನಿಜವಾಗಿ ಹೆದರಿಸಿದ್ದು ಬಳಿಯ ಯೋಚನೆ. ಬಟ್ಟೆ ಒಣಗಿಸುವಾಗ ಅದು ತಲೆಗೆ ಬಂತು, ಕೈಯಲ್ಲಿದ್ದ ಪಂಚೆ ಹಾಗೆಯೇ ನಿಂತಿತು. ಬಳಿ ತಾಯಿಯ ಕಡೆಯಿಂದ. ಹಿರಿಯರು ತಾಯಿಯನ್ನು ಕೇಳಿದರು, ತಾಯಿ ಕೋಟ್ಯಾನ್ ಎಂದಳು, ಮುಗಿಯಿತು. ತಂದೆ ಯಾರೆಂದು ಬಳಿ ಹೇಳುವುದೇ ಇಲ್ಲ! ಒಬ್ಬನೇ ಗಂಡಸಿಗೆ ಇಬ್ಬರು ಹೆಂಗಸರಲ್ಲಿ ಹುಟ್ಟಿದ ಮಕ್ಕಳು ಎದುರೆದುರು ನಿಂತರೂ ಬಳಿಯ ಲೆಕ್ಕದಲ್ಲಿ ಹೊರಗಿನವರು, ಮದುವೆಗೆ ಅಡ್ಡಿಯಿಲ್ಲ. ಇಷ್ಟು ತಲೆಮಾರು ಕಾದ ಬೇಲಿಯಲ್ಲಿ ಒಂದು ಎಮ್ಮೆ ನುಗ್ಗುವಷ್ಟು ದೊಡ್ಡ ಕಂಡಿ ಇದೆ ಎಂದು ಅವಳಿಗೆ ಅಂದೇ ತಿಳಿದದ್ದು. ನನ್ನ ಮಗ ತನ್ನ ಸ್ವಂತ ತಂಗಿಗೆ ತಾಳಿ ಕಟ್ಟಲು ಹೊರಟಿದ್ದಾನಾ? ದೇವರೇ, ನಾನೇ ಮುಂದೆ ನಿಂತು ಮಾಡಿಸುತ್ತಿದ್ದೇನಾ?

ಇದನ್ನು ಯಾರ ಹತ್ತಿರ ಹೇಳುವುದು? ಮಗನ ಹತ್ತಿರವಾ? ಅವನು ಆಗಲೇ ಮದುವೆಯ ಹಾಲ್ ನೋಡಲು ಹೊರಟಿದ್ದ. ಭಾನುವಾರ ಸುಲಭಾ ಬಂದು ದಿನ ಗೊತ್ತು ಮಾಡುವುದೆಂದು ಆಗಿತ್ತು. ಪ್ರೇಮಾವತಿ ಸೊಂಟನೋವು ಎಂದಳು, ದಿನ ಒಳ್ಳೆಯದಲ್ಲ ಎಂದಳು, ಊರಿನ ದೈವಕ್ಕೆ ಹೇಳಿಕೆಯಾಗಿಲ್ಲ ಎಂದಳು.

"ಅಮ್ಮ, ಮೊದಲು ಅಪ್ಪ ಬೇಡ ಅಂದ್ರು, ನೀವು ಒಪ್ಪಿಸಿದ್ರಿ. ಈಗ ನಿಮ್ಗೆ ಎಂತ ಆದದ್ದು?" ಎಂದು ನಿತಿನ ಅವಳ ಮುಖವನ್ನೇ ನೋಡಿದ. "ಅವಳಲ್ಲಿ ಎಂತ ಕೊರತೆ ಕಂಡಿತು, ಹೇಳಿ."

ಕೊರತೆಯೇ ಇರಲಿಲ್ಲ, ಅದೇ ಅವಳ ಸಂಕಟ. ಆ ಹುಡುಗಿ ಬೆಳಿಗ್ಗೆ ರೈಲಿನಿಂದಲೇ, 'ಆಂಟಿ, ನಿಮ್ಮ ಕನ್ನಡಕದ ನಂಬರ್ ಬದಲಾಗಿರಬಹುದು, ಒಮ್ಮೆ ಬನ್ನಿ' ಎಂದು ಸಂದೇಶ ಕಳಿಸಿದ್ದಳು. ಪ್ರೇಮಾವತಿ ಅದಕ್ಕೆ ಉತ್ತರಿಸಿರಲಿಲ್ಲ.

ಗಂಡನನ್ನು ಅವಳು ಕಾಯತೊಡಗಿದಳು. ಅವನು ಉಣ್ಣುವುದನ್ನು, ಮಲಗುವುದನ್ನು, ಅಂಗಿಯ ಕಿಸೆಗೆ ಕೈ ಹಾಕುವುದನ್ನು. 'ದೌಂಡ' ಎಂದು ಯಾರಾದರೂ ಹೇಳಿದರೆ ಸಾಕು, ಅವನು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಇಪ್ಪತ್ತೆಂಟು ವರ್ಷ ಇವರ ಪಂಚೆ ಒಗೆದೆ, ಇವರ ಅಮ್ಮನ ಗಂಜಿ ಬೇಯಿಸಿದೆ, ಇವರ ಹೊಟೇಲಿಗೆ ಕೈಬೆರಳು ಸವೆಯುವಷ್ಟು ಮಸಾಲೆ ಹುರಿದೆ. ಇವರು ಯಾರು? ಅವಳಿಗೆ ಆ ಬೋಳಾಗುತ್ತಿರುವ ತಲೆಯನ್ನು ನೋಡಿದರೆ ಒಮ್ಮೆ ಸಿಟ್ಟು, ಒಮ್ಮೆ ಅಳು.

ಗುರುವಾರ ಮಧ್ಯಾಹ್ನ ಅವನು ಮಲಗಲಿಲ್ಲ. ಬಾಲ್ಕನಿಗೆ ಹೋಗಿ ಬಾಗಿಲು ಅರ್ಧ ಎಳೆದುಕೊಂಡ. ಪ್ರೇಮಾವತಿ ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತಳು. ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

"ಇಲ್ಲ ಸುಲಭಕ್ಕ," ಎನ್ನುತ್ತಿದ್ದ ಮೋಹನದಾಸ್, ತಗ್ಗಿದ ಸ್ವರದಲ್ಲಿ. "ಪ್ರೇಮಾಳಿಗೆ ಗೊತ್ತಿಲ್ಲ. ಇಪ್ಪತ್ತೈದು ವರ್ಷ ಬಾಯಿ ಬಿಡದವ ಈಗ ಬಿಡ್ತೇನಾ?... ಮಗುವಿಗೂ ಗೊತ್ತಾಗುದು ಬೇಡ. ನೀವು ಹೆದರ್ಬೇಡಿ."

"ಕ್ಷಮಿಸಿ," ಎಂದಿತು ಪ್ರೇಮಾವತಿಯ ಸೊಂಟ. "ನನಗೆ ಅರ್ಥವಾಗಲಿಲ್ಲ."

ಅಯ್ಯೋ, ಅದರ ಬಾಯಿಗೆ ಮಣ್ಣು ಹಾಕ! ಪರದೆ ಸರಿಯಿತು. ಗಂಡ ಹೆಂಡತಿ ಎದುರೆದುರು ನಿಂತರು, ಅವನ ಕೈಯಲ್ಲೊಂದು ಫೋನು, ಅವಳ ಸೊಂಟದಲ್ಲೊಂದು. ಇನ್ನು ಮುಚ್ಚಿಡಲು ಯಾರಿಗೂ ಏನೂ ಉಳಿದಿರಲಿಲ್ಲ.

ಪ್ರೇಮಾವತಿ ಸೊಂಟದ ಫೋನು ಎಳೆದು ತೆಗೆದಳು. ವಾರಿಜಾಳ ಗುಂಪು ತೆಗೆದು ಅವನ ಮುಖದ ಮುಂದೆ ಹಿಡಿದಳು. ಮಲ್ಲಿಗೆ ಮುಡಿದ ವಾರಿಜಾ, ಪಕ್ಕದಲ್ಲಿ ಚೂಡಿದಾರದ ಯಶ್ಮಿತಾ.

"ಹೇಳಿ," ಎಂದಳು. "ಆ ಹುಡುಗಿ ನಿಮ್ಮ ಮಗಳಾ?"

ಮೋಹನದಾಸ್ ಆ ಎರಡು ಮುಖಗಳನ್ನು ನೋಡುತ್ತಲೇ ಇದ್ದ. ಆಮೇಲೆ ಬಾಲ್ಕನಿಯ ಸ್ಟೂಲಿನ ಮೇಲೆ ಕೂತ.

"ಎಷ್ಟು ದಿನದಿಂದ ಹಾಗೆ ಗ್ರಹಿಸಿಕೊಂಡಿದ್ದಿ?"

"ಹದಿನೈದು ದಿನದಿಂದ. ಕೇಳಿದ್ದಕ್ಕೆ ಹೇಳಿ."

"ನನ್ನ ಮಗಳಲ್ಲ," ಎಂದ. "ವಾರಿಜಾಳ ಮಗಳು."

ಮೊದಲು ಅದು ಅವಳ ಕಿವಿಗೆ ಹೋಯಿತು, ತಲೆಗೆ ಹೋಗಲಿಲ್ಲ. ಅವನು ನೆಲ ನೋಡುತ್ತ, ತಡೆದು ತಡೆದು ಹೇಳಿದ. ಊರಿನಲ್ಲಿ ಬಸ್ಸಿನ ಏಜೆಂಟ್ ಒಬ್ಬ ಮದುವೆಯಾಗುತ್ತೇನೆಂದು ನಂಬಿಸಿದ್ದ, ವಿಷಯ ಗೊತ್ತಾದ ದಿನವೇ ಕಾಣೆಯಾದ. ಹೊಟ್ಟೆ ಕಾಣುವ ಮೊದಲೇ ವಾರಿಜಾ ಅಣ್ಣನ ಹತ್ತಿರ ಬಂದಳು. ಮುಂಬೈ ಕೆಲಸ ಎಂಬುದು ಊರಿನವರಿಗೆ ಹೇಳಿದ ಕತೆ. ದೌಂಡದ ಹೊಟೇಲಿನ ಹಿಂದೆ ಅಡುಗೆಯವನೂ ಅವನ ಹೆಂಡತಿ ಸುಲಭಾಳೂ ಇದ್ದರು. ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಿರಲಿಲ್ಲ. ಸುಲಭಾ ತನ್ನ ಕೋಣೆಯನ್ನೇ ವಾರಿಜಾಳಿಗೆ ಬಿಟ್ಟುಕೊಟ್ಟಳು. ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲ. ಮೂರನೇ ದಿನ ಹೋದಳು.

"ನಾನು ಆಸ್ಪತ್ರೆಯಿಂದ ಬರುವಾಗ ಮಗು ಸುಲಭಕ್ಕನ ಮಡಿಲಲ್ಲಿ ಇತ್ತು," ಎಂದ ಮೋಹನದಾಸ್. "ಕೊಡಿ ಅಂತ ನಾನು ಕೇಳ್ಲಿಲ್ಲ. ಇಟ್ಟುಕೊಳ್ತೇನೆ ಅಂತ ಅವರೂ ಹೇಳ್ಲಿಲ್ಲ. ಮತ್ತೆ ಈ ಹೊಸ್ತಿಲಿಗೆ ಬರಬಾರದು, ಯಾರಿಗೂ ಹೇಳಬಾರದು ಅಂತ ಮಾತ್ರ ಆಣೆ ಹಾಕಿಸಿದ್ರು."

ಪ್ರೇಮಾವತಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ತಂಗಿಯಲ್ಲ! ಸೋದರತ್ತೆಯ ಮಗಳು! ತಾಯಿ ವಾರಿಜಾ ಅಂದ ಮೇಲೆ ಹುಡುಗಿಯದು ಮೋಹನದಾಸನ ಅಮ್ಮನ ಕಡೆಯ ಬಳಿ, ಬಂಗೇರ; ನಿತಿನನದು ಸಾಲ್ಯಾನ್. ಆಗಬಾರದ ಸಂಬಂಧ ಇರಲಿ, ಹಿಂದಿನವರಾದರೆ ಹುಡುಕಿಕೊಂಡು ಹೋಗಿ ತರುತ್ತಿದ್ದ ಸಂಬಂಧ ಅದು, ಹಕ್ಕಿನ ಹೆಣ್ಣು. ನಿಂತಲ್ಲೇ ಅವಳಿಗೆ ನಗಬೇಕೆನಿಸಿತು, ದೈವಕ್ಕೆ ಕೈಮುಗಿಯಬೇಕೆನಿಸಿತು. ಬೆನ್ನಿಗೇ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಹದಿನೈದು ದಿನದ ಬಡ್ಡಿಯೂ ಇತ್ತು.

"ಇದನ್ನು ನನ್ನ ಹತ್ತಿರ ಹೇಳ್ಲಿಕ್ಕೆ ನಿಮ್ಗೆ ಬಾಯಿ ಇರ್ಲಿಲ್ವಾ? ನಾನೇನು ಹುಲಿಯಾ? ಆ ಕೂಸನ್ನು ದೌಂಡದಲ್ಲಿ ಯಾರದೋ ಮನೆಯಲ್ಲಿ ಬಿಟ್ಟದ್ದು ಯಾಕೆ? ನಮ್ಮ ಮನೆಗೇ ಕರ್ಕೊಂಡು ಬರ್ಬಹುದಿತ್ತಲ್ಲ! ನಾನು ನೋಡಿಕೊಳ್ತಿರ್ಲಿಲ್ವಾ?"

ಮೋಹನದಾಸ್ ತನ್ನ ಫೋನನ್ನು ಅಂಗಿಯ ಕಿಸೆಗೆ ಹಾಕಿಕೊಂಡ.

"ಕೇಳಿದ್ದು!"

"ಆದದ್ದು ಆಯ್ತು. ಬಿಡು ಪ್ರೇಮಾ."

"ಎಂತದ್ದು ಬಿಡುದು? ತಂಗಿಯನ್ನು ಬೀದಿಪಾಲು ಮಾಡಿದವರು ನೀವು. ಯಾಕೆ ಕರ್ಕೊಂಡು ಬರ್ಲಿಲ್ಲ? ಹೇಳಿ!"

"ಕರ್ಕೊಂಡು ಬಂದಿದ್ದೆ," ಎಂದ.

ಅವಳು ಎತ್ತಿ ಹಿಡಿದಿದ್ದ ಫೋನನ್ನು ಕೆಳಗಿಳಿಸಿದಳು.

"ಊರಿನ ಬಸ್ಸಿನಲ್ಲಿ ಬಂದು ಇಳಿದಿದ್ದಳು. ಸ್ವಾರಗೇಟ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂರಿಸಿ, ಈಗ ಬರ್ತೇನೆ ಅಂತ ಹೇಳಿ, ನಿನ್ನನ್ನು ಕೇಳ್ಲಿಕ್ಕೆ ಬಂದೆ. ವಾರಿಜಾ ನಾಲ್ಕಾರು ತಿಂಗಳು ನಮ್ಮಲ್ಲಿ ಇರ್ಲಿಯಾ ಅಂತ ಕೇಳಿದೆ. ನಿಂಗೆ ನೆನಪಿಲ್ಲ."

ನೆನಪಿರಲಿಲ್ಲ. ಆಮೇಲೆ ನೆನಪಾಯಿತು. ಆ ಹತ್ತಡಿಯ ಖೋಲಿ, ಸೀಮೆಎಣ್ಣೆಯ ಸ್ಟೋವ್, ಜ್ವರ ಬಂದು ಮೂರು ದಿನದಿಂದ ತೋಳಿನಿಂದ ಇಳಿಯದ ನಿತಿನ. ಹೊಸ್ತಿಲಲ್ಲಿ ಚಪ್ಪಲಿ ಬಿಡದೆ ನಿಂತ ಗಂಡ ಏನೋ ಕೇಳಿದ್ದ. ಅವಳು ತಿರುಗಿಯೂ ನೋಡದೆ, "ಬಂದವರಿಗೆಲ್ಲ ಚಾಪೆ ಹಾಸ್ಲಿಕ್ಕೆ ಇದೇನು ಛತ್ರವಾ? ನನ್ನಿಂದ ಆಗುದಿಲ್ಲ," ಎಂದಿದ್ದಳು. ಅಷ್ಟೇ. ಆ ಮಾತಾಡಿ ಅವಳು ಗಂಜಿ ಬಸಿಯಲು ಹೋಗಿರಬೇಕು. ಆ ವರ್ಷ ಅಂಥ ಮಾತು ಅವಳು ದಿನಕ್ಕೆ ಹತ್ತು ಆಡುತ್ತಿದ್ದಳು.

"ಕಾರಣ ನಾನು ಹೇಳ್ಲಿಲ್ಲ," ಎಂದ ಮೋಹನದಾಸ್. "ತಪ್ಪು ನಂದೂ ಉಂಟು. ಹೇಳಿದ್ರೆ ನೀನು ಆಗುದಿಲ್ಲ ಅನ್ತಿರ್ಲಿಲ್ಲ. ಅವಳು ಹೋದ ಮೇಲೆ, ಇನ್ನು ಹೇಳಿದ್ರೆ ನೀನು ಜೀವಮಾನ ಅದನ್ನೇ ಹೊತ್ತುಕೊಳ್ತಿ ಅಂತ ಗೊತ್ತಿತ್ತು. ಅದಕ್ಕೇ ಬೇಡ ಅಂತ ಮಾಡಿದೆ."

ಪ್ರೇಮಾವತಿ ಅಲ್ಲೇ ನೆಲದ ಮೇಲೆ ಕೂತಳು. ಅಳು ಬರಲಿಲ್ಲ, ಅದೇ ಘೋರ. ಹದಿನೈದು ದಿನ ಈ ಮನುಷ್ಯನ ಕಿಸೆ ತಡವಿದ್ದೇನು, ಲೋಟದ ತಳ ನೋಡಿದ್ದೇನು, ಪರದೆಯ ಹಿಂದೆ ನಿಂತದ್ದೇನು! ಕಳ್ಳನನ್ನು ಹಿಡಿಯಲು ಹೋದವಳು ತನ್ನ ಮನೆಯ ಬಾಗಿಲಲ್ಲೇ ಸಿಕ್ಕಿಬಿದ್ದಳು. ಆ ಹುಡುಗಿ ಬೆಂಚಿನ ಮೇಲೆ ಎಷ್ಟು ಹೊತ್ತು ಕೂತಿದ್ದಳು? ಅಣ್ಣ ಹಿಂದೆ ಬಂದು ಅತ್ತಿಗೆಯ ಮಾತನ್ನು ಹೇಗೆ ಹೇಳಿದ? ಕೇಳುವ ಧೈರ್ಯ ಅವಳಿಗಿರಲಿಲ್ಲ.

ಆ ದಿನ ಮೋಹನದಾಸ್ ಐದಕ್ಕೆ ಹೊಟೇಲಿಗೆ ಹೋಗಲಿಲ್ಲ. ಅವನೇ ಚಹಾ ಮಾಡಿ ತಂದು ಅವಳ ಪಕ್ಕದಲ್ಲಿಟ್ಟ. ಅದು ಆರಿತು. ಹೊತ್ತು ಮುಳುಗುವಾಗ ಪ್ರೇಮಾವತಿ ಎದ್ದು ಮುಖ ತೊಳೆದುಕೊಂಡಳು.

"ನಾಳೆ ಬೆಳಿಗ್ಗೆ ದೌಂಡಕ್ಕೆ ಹೋಗುವ," ಎಂದಳು. "ನಾವಿಬ್ಬರೇ."

ಶುಕ್ರವಾರ ಬೆಳಗಿನ ಗಾಡಿ. ಚೀಲದಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಮಲ್ಲಿಗೆ. ಹೆಣ್ಣು ಕೇಳಲು ಹೋಗುವವರು ಒಯ್ಯುವುದೆಲ್ಲ ಇತ್ತು. ಮೊದಲ ಸಲ ಹೋದಾಗ ಬರೀ ಸಿಹಿಯ ಡಬ್ಬಿ ಒಯ್ದಿದ್ದರು. ಪ್ರೇಮಾವತಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸಿದಳು. ಕ್ಷಮಿಸಿ ಎನ್ನಬೇಕು. ನೀವು ಮಾಡಿದ್ದನ್ನು ನಾನು ಮಾಡಬೇಕಿತ್ತು ಎನ್ನಬೇಕು. ಕಾಲಿಗೆ ಬೀಳಬೇಕು.

ಬಾಗಿಲು ತೆರೆದ ಸುಲಭಾಳ ಮೊಣಕೈವರೆಗೆ ಗೋಧಿಹಿಟ್ಟು ಮೆತ್ತಿತ್ತು. ಮುನ್ಸೂಚನೆಯಿಲ್ಲದೆ ಬಂದ ಇಬ್ಬರನ್ನು ನೋಡಿದಳು, ಮೋಹನದಾಸನ ತಗ್ಗಿದ ತಲೆ ನೋಡಿದಳು. ಒಂದು ಕೈ ತಾನಾಗಿ ಎದ್ದು ಬಾಗಿಲಿನ ಚೌಕಟ್ಟಿಗೆ ಅಡ್ಡವಾಗಿ ನಿಂತಿತು.

"ಅವಳು ಮನೆಯಲ್ಲಿಲ್ಲ. ಡ್ಯೂಟಿಗೆ ಹೋಗಿದ್ದಾಳೆ," ಎಂದಳು. ಮತ್ತೆ, "ಇವರು ಎಲ್ಲ ಹೇಳಿದ್ರಾ?"

"ಹೇಳಿದ್ರು," ಎಂದಳು ಪ್ರೇಮಾವತಿ.

"ಈಗ ಎಂತ? ನಮ್ಮ ಮನೆಯ ಹೆಣ್ಣು, ನಮ್ಮ ರಕ್ತ ಅಂತ ಹೇಳ್ಲಿಕ್ಕೆ ಬಂದ್ರಾ?" ಸುಲಭಾಳ ಕಣ್ಣಿನಲ್ಲಿದ್ದ ಅನುಮಾನವನ್ನು ಪ್ರೇಮಾವತಿ ಚೆನ್ನಾಗಿ ಬಲ್ಲಳು. ಹದಿನೈದು ದಿನ ಅದರ ಜೊತೆಯಲ್ಲೇ ಉಂಡು ಮಲಗಿದ್ದಳು. "ಬಾಟ್ಲಿಯಲ್ಲಿ ಹಾಲು ಕುಡಿಸಿದ್ದು ನಾನು. ಗೊತ್ತುಂಟಾ ನಿಮ್ಗೆ? ಹತ್ತು ವರ್ಷ ಉಬ್ಬಸ ಇತ್ತು ಅವಳಿಗೆ. ಹೆಗಲ ಮೇಲೆ ಹಾಕಿ ಈ ಪ್ಲಾಟ್‌ಫಾರ್ಮಿನಲ್ಲಿ ನಡೆದದ್ದು ನಾನು."

ರೈಲಿನಲ್ಲಿ ಜೋಡಿಸಿದ ಮಾತೆಲ್ಲ ಎಲ್ಲಿಗೆ ಹೋಯಿತೋ. ಪ್ರೇಮಾವತಿ ಚೀಲದಿಂದ ತೆಂಗಿನಕಾಯಿ, ವೀಳ್ಯದೆಲೆ ತೆಗೆದು ಎರಡೂ ಕೈಯಲ್ಲಿ ಹಿಡಿದಳು.

"ನಮ್ಮ ನಿತಿನನಿಗೆ ನಿಮ್ಮ ಮಗಳನ್ನು ಕೇಳ್ಲಿಕ್ಕೆ ಬಂದದ್ದು ಸುಲಭಕ್ಕ," ಎಂದಳು. "ಕೊಡ್ತೀರಾ?"

ಸುಲಭಾ ತೆಂಗಿನಕಾಯಿಯನ್ನು ನೋಡಿದಳು, ಮುಟ್ಟಲಿಲ್ಲ. ಆಮೇಲೆ, "ಅವಳಿಗೆ ಹೇಳ್ತೀರಾ?" ಎಂದಳು.

"ಅವಳ ತಾಯಿ ನೀವು. ಹೇಳುದು, ಬಿಡುದು ನಿಮ್ಗೆ ಬಿಟ್ಟದ್ದು."

ಒಲೆಯ ಮೇಲೆ ಏನೋ ಸೀಯುವ ವಾಸನೆ ಬರುತ್ತಿತ್ತು. ಮೋಹನದಾಸ್ ಒಮ್ಮೆ ಕೆಮ್ಮಿದ. ಸುಲಭಾಳ ಹಿಟ್ಟು ಮೆತ್ತಿದ ಕೈ ಚೌಕಟ್ಟಿನಿಂದ ಕೆಳಗೆ ಇಳಿಯುವವರೆಗೆ ಪ್ರೇಮಾವತಿ ಹೊಸ್ತಿಲಿನ ಹೊರಗೇ ನಿಂತಿದ್ದಳು.